ಕಚೇರಿಯ ಕಂಪ್ಯೂಟರಿಗೆ ಯಾವುದು ಹಿತ: ವಿಂಡೋಸೋ, ಲಿನಕ್ಸೋ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಧರ್ಮಕೇಂದ್ರದ ಕಚೇರಿ, ಶಾಲೆ, ಸಹಕಾರಿ ಸಂಘ, ಸಣ್ಣ ಅಂಗಡಿ ಹೀಗೆ ಹಲವು ಕಡೆ ಈ ಆವೃತ್ತಿಯ ಹಳೆಯ ಕಂಪ್ಯೂಟರುಗಳಿವೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಮತ್ತು ಹೊಸ ಪೀಳಿಗೆಯ ಪ್ರೊಸೆಸರ್ ಬೇಕಾಗುವುದರಿಂದ ಎಷ್ಟೋ ಹಳೆಯ ಯಂತ್ರಗಳಿಗೆ ಅದನ್ನು ಹಾಕಲಾಗದು. ಹೊಸ ಯಂತ್ರ ಕೊಳ್ಳಬೇಕೇ ಅಥವಾ ಇರುವುದಕ್ಕೇ ಲಿನಕ್ಸ್ ಹಾಕಿಸಬೇಕೇ ಎಂಬುದು ಈಗಿನ ಪ್ರಶ್ನೆ.

ಹಾಗೆಯೇ ಬಿಡುವುದು ಮಾತ್ರ ಸಲ್ಲದು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ವಾನಾಕ್ರೈ ವೈರಸ್, ಭದ್ರತಾ ಅಪ್‌ಡೇಟ್ ಹಾಕದ ವಿಂಡೋಸ್ ಕಂಪ್ಯೂಟರುಗಳಿಗೇ ನುಗ್ಗಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿತ್ತು. ನಕಲಿ ಪ್ರತಿ ಹಾಕಿಸಿಕೊಳ್ಳುವುದೂ ಪರಿಹಾರವಲ್ಲ. ಅದು ಕಾನೂನಿಗೆ ವಿರುದ್ಧ, ಜೊತೆಗೆ ಅಪಾಯಕ್ಕೆ ಆಹ್ವಾನ.

ಲಿನಕ್ಸ್ ಎಂದರೇನು?

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಮುಕ್ತ ತಂತ್ರಾಂಶವಿದು. ಇದರ ಮೂಲ ಸಂಕೇತವನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ನಮ್ಮ ಆಂಡ್ರಾಯ್ಡ್ ಮೊಬೈಲುಗಳ ಒಳಗಿರುವುದೂ ಲಿನಕ್ಸೇ. ಉಬುಂಟುವಿನಂಥ ಆವೃತ್ತಿಗೆ ಲೈಸೆನ್ಸ್ ಶುಲ್ಕವಿಲ್ಲ. ಅದರ ದೀರ್ಘಾವಧಿ ಆವೃತ್ತಿಗಳಿಗೆ 5 ವರ್ಷ ಉಚಿತ ಅಪ್‌ಡೇಟ್ ಸಿಗುತ್ತದೆ. ಆದರೆ ಹಾಕಿಕೊಡುವವರ ಕೂಲಿ, ಸಿಬ್ಬಂದಿಯ ತರಬೇತಿ, ಕೆಟ್ಟಾಗ ಬಂದು ನೋಡುವವರ ಖರ್ಚು ಇದ್ದೇ ಇರುತ್ತದೆ.

ಎರಡು ಅನುಭವಗಳು

ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸಿಗೆ ಬದಲಾಗಲು ನಿರ್ಧರಿಸಿ, 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರುಗಳನ್ನು ಬದಲಿಸಿತು. 2017ರಲ್ಲಿ ಮತ್ತೆ ವಿಂಡೋಸಿಗೆ ಮರಳಲು ತೀರ್ಮಾನಿಸಿತು. ಕೆಲವು ಇಲಾಖೆಗಳ ವಿಶೇಷ ತಂತ್ರಾಂಶಗಳು ವಿಂಡೋಸಿನಲ್ಲಿ ಮಾತ್ರ ನಡೆಯುತ್ತಿದ್ದುದು ಅದಕ್ಕೆ ಒಂದು ಕಾರಣ. ಇತ್ತ ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿ ಲಿನಕ್ಸ್ ಗಟ್ಟಿಯಾಗಿ ನೆಲೆಯೂರಿದೆ. ಅಲ್ಲಿ ಪಾಠಕ್ಕೆ ಬೇಕಾದ ತಂತ್ರಾಂಶಗಳನ್ನು ಸೇರಿಸಿಯೇ ವ್ಯವಸ್ಥೆಯನ್ನು ಸಿದ್ಧಪಡಿಸಿ, ಶಿಕ್ಷಕರಿಗೆ ತರಬೇತಿಯನ್ನೂ ಕೊಟ್ಟರು.

ಇವೆರಡರಿಂದ ನಾವು ತಿಳಿಯಬೇಕಾದ್ದು ಇಷ್ಟೇ: ಬೆಲೆಗಿಂತ ಮೊದಲು ನೋಡಬೇಕಾದ್ದು ನಮ್ಮ ಕೆಲಸ ಯಾವ ತಂತ್ರಾಂಶವನ್ನು ನಂಬಿಕೊಂಡಿದೆ ಎಂಬುದನ್ನು.

ನಾವೇನು ಮಾಡಬಹುದು?

ಲೆಕ್ಕಪತ್ರಕ್ಕೆ ಬಳಸುವ ಟ್ಯಾಲಿ ವಿಂಡೋಸಿಗಾಗಿಯೇ ತಯಾರಾದದ್ದು. ಹಾಗಾಗಿ ಲೆಕ್ಕದ ಕಂಪ್ಯೂಟರಿಗೆ ಲೈಸೆನ್ಸ್ ಇರುವ ವಿಂಡೋಸ್ ಇರಲಿ. ಪತ್ರ ಬರೆಯುವುದು, ಇಮೇಲ್, ಇಂಟರ್ನೆಟ್, ಮಕ್ಕಳ ಕಲಿಕೆ ಇವಕ್ಕೆ ಲಿನಕ್ಸ್ ಮತ್ತು ಲಿಬ್ರೆ ಆಫೀಸ್ ಧಾರಾಳ ಸಾಕು. ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿರುವ ಕನ್ನಡ ಕಡತಗಳನ್ನು ಮೊದಲು ಯುನಿಕೋಡಿಗೆ ಬದಲಿಸಿಕೊಳ್ಳಬೇಕು. ಯುನಿಕೋಡ್ ಕನ್ನಡವನ್ನು ಎರಡೂ ಕಡೆ ಓದಬಹುದು.

ಬದಲಿಸುವ ಮುನ್ನ ಎಲ್ಲ ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳೋಣ. ಉಬುಂಟುವನ್ನು ಕಂಪ್ಯೂಟರಿಗೆ ಹಾಕದೆ, ಪೆನ್ ಡ್ರೈವಿನಿಂದಲೇ ನಡೆಸಿ ನೋಡಬಹುದು. ಪ್ರಿಂಟರ್, ಸ್ಕ್ಯಾನರ್ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಿ, ಒಂದು ಯಂತ್ರದಲ್ಲಿ ಕೆಲವು ವಾರ ಬಳಸಿ, ಆಮೇಲೆ ಉಳಿದವುಗಳ ಬಗ್ಗೆ ತೀರ್ಮಾನಿಸುವುದು ಒಳ್ಳೆಯದು. ಕೆಟ್ಟರೆ ಬಂದು ನೋಡುವವರು ಊರಿನಲ್ಲಿ ಯಾರಿದ್ದಾರೆ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳೋಣ.