ಕೈಪಿಂಗ್‌ನ ಗೋಪುರಗೃಹಗಳು: ವಲಸೆ, ವಾಸ ಮತ್ತು ಪರಂಪರೆ

ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತ್ಯಕ್ಕೆ ಸೇರಿದ ಕೈಪಿಂಗ್ ಪ್ರದೇಶದಲ್ಲಿ ಬತ್ತದ ಗದ್ದೆಗಳ ನಡುವೆ ಬಹು ಅಂತಸ್ತಿನ ಗೋಪುರಗೃಹಗಳು ನಿಂತಿವೆ. ಚೀನೀ ಭಾಷೆಯಲ್ಲಿ ಇವುಗಳಿಗೆ ‘ದ್ಯಾವ್‌ಲೌ’ ಎಂದು ಹೆಸರು. ಸುಮಾರು 1,800 ಗೋಪುರಗಳು ಇಂದಿಗೂ ಉಳಿದಿದ್ದು, ಅವುಗಳಲ್ಲಿ ನಾಲ್ಕು ಗ್ರಾಮಸಮೂಹಗಳ 20 ಗೋಪುರಗಳನ್ನು ಯುನೆಸ್ಕೊ 2007ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿಯೊಬ್ಬನು ಒಂದೇ ದಿನದಲ್ಲಿ ಸಂದರ್ಶಿಸಬಹುದಾದ ಮೂರು ನೆಲೆಗಳ ಮೂಲಕ ಈ ಪರಂಪರೆಯ ಸ್ವರೂಪವನ್ನೂ ಅದು ಎದುರಿಸುತ್ತಿರುವ ಪ್ರಶ್ನೆಯನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೆಳಗಿನ ಮೊದಲ ನೆಲೆ ಸಾನ್‌ಮೆನ್‌ಲಿ ಗ್ರಾಮ. ಇಲ್ಲಿನ ‘ಯಿಂಗ್‌ಲಾಂಗ್‌ಲೌ’ 16ನೆಯ ಶತಮಾನದ, ಮಿಂಗ್ ಅರಸರ ಕಾಲದ ಇಟ್ಟಿಗೆಯ ಕಟ್ಟಡ. ಕೇವಲ ಮೂರು ಅಂತಸ್ತುಗಳ ಈ ಗೋಪುರದಲ್ಲಿ ಅಲಂಕಾರವಿಲ್ಲ. ಪ್ರವಾಹ ಬಂದಾಗ, ದರೋಡೆಕೋರರು ಮುತ್ತಿದಾಗ ಗ್ರಾಮಸ್ಥರು ಇಲ್ಲಿ ಆಶ್ರಯ ಪಡೆಯುತ್ತಿದ್ದರು. ಗೋಪುರ ನಿರ್ಮಾಣದ ಪದ್ಧತಿ ವಿದೇಶಿ ಹಣಕ್ಕಿಂತ ಹಳೆಯದೆಂಬುದಕ್ಕೆ ಇದು ಸಾಕ್ಷಿ.

ಮಧ್ಯಾಹ್ನದ ನೆಲೆಯಾದ ಝಿಲಿ ಗ್ರಾಮದಲ್ಲಿ ಚಿತ್ರ ಬದಲಾಗುತ್ತದೆ. 19ನೆಯ ಶತಮಾನದ ನಡುಭಾಗದಿಂದ ಈ ಸೀಮೆಯ ಗಂಡಸರು ಅಮೆರಿಕ, ಕೆನಡ, ಆಸ್ಟ್ರೇಲಿಯ ಹಾಗೂ ಆಗ್ನೇಯ ಏಷ್ಯಗಳಿಗೆ ಚಿನ್ನದ ಗಣಿ ಮತ್ತು ರೈಲುಮಾರ್ಗಗಳ ಕೆಲಸ ಅರಸಿ ಹೋದರು. ಅಮೆರಿಕ 1882ರಲ್ಲಿ ಚೀನೀ ಕೂಲಿಕಾರರ ಪ್ರವೇಶವನ್ನು ನಿಷೇಧಿಸಿತು; ಕೆನಡ 1923ರಲ್ಲಿ ಅದೇ ಹಾದಿ ಹಿಡಿಯಿತು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲಾಗದ ವಲಸಿಗರು ತಮ್ಮ ದುಡಿಮೆಯನ್ನು ಊರಿಗೆ ಕಳುಹಿಸಿದರು. ಹಣದೊಡನೆ ಬಂದ ಪತ್ರಗಳು 2013ರಲ್ಲಿ ಯುನೆಸ್ಕೊದ ‘ವಿಶ್ವಸ್ಮೃತಿ’ ಪಟ್ಟಿಯನ್ನು ಸೇರಿವೆ. ಆದರೆ ಹಣ ಬರುವ ಮನೆಗೆ ದರೋಡೆಕೋರರ ಭಯವೂ ಬಂತು. 1920 ಮತ್ತು 1930ರ ದಶಕಗಳಲ್ಲಿ ಗೋಪುರಗಳು ಹೆಚ್ಚಿದ್ದು ಈ ಕಾರಣದಿಂದ.

ಹೊರದೇಶಗಳಿಂದ ತಂದ ಸಿಮೆಂಟು, ಕಬ್ಬಿಣದ ಕಿಟಕಿಬಾಗಿಲು, ಗೋಡೆಯಲ್ಲಿ ಬಂದೂಕಿನ ಕಿಂಡಿ, ಮೂಲೆಗಳಲ್ಲಿ ಹೊರಚಾಚಿದ ಕಾವಲುಗೂಡು ಇವು ರಕ್ಷಣೆಯ ಅಂಗಗಳು. ಮೇಲ್ಭಾಗದ ಗುಮ್ಮಟ, ಕಮಾನು, ಕಂಬಸಾಲುಗಳು ವಲಸಿಗನು ಕಂಡುಬಂದ ಲೋಕದ ನೆನಪುಗಳು. 1925ರ ‘ಮಿಂಗ್‌ಶಿಲೌ’ ಗೋಪುರದಲ್ಲಿ ಪಿತೃಪೂಜೆಯ ಪೀಠ ಮೇಲಂತಸ್ತಿನಲ್ಲಿದೆ. ಹೊರರೂಪ ಪಾಶ್ಚಾತ್ಯವಾದರೂ ಒಳಗಿನ ಬಾಳು ಮನೆತನದ ಕ್ರಮವನ್ನೇ ಅನುಸರಿಸಿತೆಂಬುದು ಇದರಿಂದ ಸ್ಪಷ್ಟ. ಗೋಪುರಗಳ ರಕ್ಷಣಾಕಾರ್ಯ ಕೇವಲ ತೋರಿಕೆಯದಾಗಿರಲಿಲ್ಲ. 1922ರಲ್ಲಿ ಚಿಕಾನ್ ಪಟ್ಟಣದ ಶಾಲೆಯೊಂದಕ್ಕೆ ನುಗ್ಗಿ ಮುಖ್ಯೋಪಾಧ್ಯಾಯರನ್ನೂ ವಿದ್ಯಾರ್ಥಿಗಳನ್ನೂ ಒಯ್ಯುತ್ತಿದ್ದ ದರೋಡೆಕೋರರನ್ನು ಗೋಪುರವೊಂದರ ಶೋಧಕದೀಪ ಪತ್ತೆಹಚ್ಚಿತು. ಗ್ರಾಮರಕ್ಷಕರು ಅಡ್ಡಗಟ್ಟಿ ಸೆರೆಯಾದವರನ್ನು ಬಿಡಿಸಿದರು.

ಈ ಗೋಪುರಗಳ ಒಡೆಯರ ವಂಶಸ್ಥರಲ್ಲಿ ಹಲವರು ಈಗ ವಿದೇಶಗಳಲ್ಲಿ ನೆಲೆಸಿದ್ದಾರೆ. ಒಡೆತನವನ್ನು ಅವರಲ್ಲಿಯೇ ಉಳಿಸಿ, ನಿರ್ವಹಣೆಯನ್ನು ಮಾತ್ರ ಸ್ಥಳೀಯ ಆಡಳಿತ ವಹಿಸಿಕೊಳ್ಳುವ ಒಪ್ಪಂದದ ಕ್ರಮ ಇಲ್ಲಿ ಜಾರಿಗೆ ಬಂದಿದೆ. ಗದ್ದೆಯ ಬೇಸಾಯವೂ ಊರಿನ ವಾಸವೂ ಇದರಿಂದ ಕಡಿದುಹೋಗಿಲ್ಲ.

ಸಂಜೆಯ ನೆಲೆ ತಾನ್‌ಜ್ಯಾಂಗ್ ನದಿಯ ದಂಡೆಯ ಚಿಕಾನ್. ಕೆಳಗೆ ಅಂಗಡಿ, ಮೇಲೆ ಮನೆ, ಮುಂದೆ ಮಳೆ ಬಿಸಿಲಿಗೆ ಮರೆಯಾಗುವ ಕಮಾನಿನ ಹಾದಿ. ಇದು ಇಲ್ಲಿನ ಬೀದಿಯ ರಚನೆ. ಗ್ವಾನ್ ಮತ್ತು ಸಿತು ಎಂಬ ಎರಡು ಕುಲಗಳ ಪೈಪೋಟಿಯಿಂದ ಪಟ್ಟಣ ಬೆಳೆಯಿತು. ಸಿತು ಕುಲದವರು 1920ರ ದಶಕದಲ್ಲಿ ಗ್ರಂಥಾಲಯ ಕಟ್ಟಿಸಿದರೆ, ಕೆಲವೇ ವರ್ಷಗಳಲ್ಲಿ ಗ್ವಾನ್ ಕುಲದವರೂ ತಮ್ಮದೊಂದನ್ನು ಕಟ್ಟಿಸಿದರು. ಪೈಪೋಟಿಯು ಪುಸ್ತಕಭಂಡಾರಗಳಲ್ಲಿ ವ್ಯಕ್ತವಾದುದು ಗಮನಾರ್ಹ.

ಪ್ರವಾಸೋದ್ಯಮದ ಯೋಜನೆಗಾಗಿ 2010ರ ದಶಕದ ಉತ್ತರಾರ್ಧದಲ್ಲಿ ಹಳೆಯ ಪಟ್ಟಣದ ನಿವಾಸಿಗಳನ್ನು ಸ್ಥಳಾಂತರಿಸಲಾಯಿತು. ದುರಸ್ತಿಗೊಂಡ ಬೀದಿಗಳು 2023ರಲ್ಲಿ ಸಂದರ್ಶಕರಿಗೆ ತೆರೆದವು. ಶಿಥಿಲಗೊಂಡಿದ್ದ ಕಟ್ಟಡಗಳು ಉಳಿದವು ನಿಜ. ಆದರೆ ಮೇಲೆ ಮನೆ, ಕೆಳಗೆ ಅಂಗಡಿ ಎಂಬ ಬಾಳಿನ ಕ್ರಮವೇ ಆ ಕಟ್ಟಡಗಳಿಗೆ ರೂಪ ನೀಡಿತ್ತು.

ಕೈಪಿಂಗ್‌ನ ಗೋಪುರಗಳು ದೂರದಲ್ಲಿದ್ದವರು ಊರಿನಲ್ಲಿ ಉಳಿದವರಿಗಾಗಿ ಕಟ್ಟಿಸಿದವು. ಉಳಿದವರಿಗೂ ಅಲ್ಲಿ ಸ್ಥಳವಿದ್ದಾಗಲೇ ಅವುಗಳ ಸಂರಕ್ಷಣೆ ಅರ್ಥಪೂರ್ಣವಾಗುತ್ತದೆ. ಈ ದೃಷ್ಟಿಯಿಂದ ಝಿಲಿ ಮತ್ತು ಚಿಕಾನ್‌ಗಳ ತೌಲನಿಕ ಅಧ್ಯಯನ ಪರಂಪರೆಯ ನಿರ್ವಹಣೆಯನ್ನು ಕುರಿತ ಚಿಂತನೆಗೆ ಉಪಯುಕ್ತವಾದುದು.