ರೀಸ್ಟಾರ್ಟ್ ಬಟನ್ ಒತ್ತೋ ಮುಂಚೆ

ನಾಳೆ ಪ್ರಾಜೆಕ್ಟ್ ಸಬ್ಮಿಷನ್ ಅಂದ್ಕೊಳ್ಳಿ. ಇವತ್ತು ರಾತ್ರಿ ಲ್ಯಾಬಿನ ಯಾವ ಸಿಸ್ಟಮ್‌ನಲ್ಲೂ ಹೋಮ್ ಫೋಲ್ಡರ್ ಓಪನ್ ಆಗ್ತಿಲ್ಲ. ಎಲ್ಲರ ಫೈಲ್‌ಗಳೂ ಇರೋದು ಒಂದೇ ಎನ್‌ಎಫ್‌ಎಸ್ ಸರ್ವರ್‌ನಲ್ಲಿ. ಯಾರೋ ಓಡಿಹೋಗಿ ರೀಸ್ಟಾರ್ಟ್ ಮಾಡ್ತಾರೆ, ಸರಿಹೋಗುತ್ತೆ. ಮೂರು ದಿನ ಬಿಟ್ಟು ಮತ್ತೆ ಅದೇ ಕಥೆ. ಕಾರಣ ಹುಡುಕೋಣ ಅಂದ್ರೆ ಸಾಕ್ಷಿ ರೀಸ್ಟಾರ್ಟ್ ಜೊತೆಗೇ ಅಳಿಸಿಹೋಗಿರುತ್ತೆ.

ಮಾಮೂಲಿ ಪ್ರೋಗ್ರಾಂ ತಪ್ಪು ಪಾಯಿಂಟರ್ ಮುಟ್ಟಿದ್ರೆ ಸೆಗ್‌ಫಾಲ್ಟ್ ಆಗಿ ಅದೊಂದೇ ಸಾಯುತ್ತೆ. ಆದರೆ ಲಿನಕ್ಸ್‌ನ ಎನ್‌ಎಫ್‌ಎಸ್ ಸರ್ವರ್ ಕೆಲಸ ಮಾಡೋದು ಕರ್ನಲ್ ಒಳಗೇ. ಅಲ್ಲಿ ಅದೇ ತಪ್ಪಾದ್ರೆ 'ಊಪ್ಸ್' ಬರುತ್ತೆ. ಆ ಥ್ರೆಡ್ ಹಿಡಿದಿದ್ದ ಲಾಕ್‌ಗಳನ್ನು ಬಿಡದೇ ಸಾಯಬಹುದು, ಉಳಿದವು ಕಾಯುತ್ತಾ ಕೂರುತ್ತವೆ. ಕೆಲವೊಮ್ಮೆ ಇಡೀ ಯಂತ್ರವೇ ಪ್ಯಾನಿಕ್ ಆಗುತ್ತೆ.

ಅದಕ್ಕೇ ಕೆಡಂಪ್ ಮೊದಲೇ ಆನ್ ಇರಬೇಕು. ಅದು ಬೂಟ್ ಆಗುವಾಗಲೇ ಸ್ವಲ್ಪ ಮೆಮೊರಿ, ಉದಾಹರಣೆಗೆ 256 ಎಂಬಿ, ಎತ್ತಿಡುತ್ತೆ. ಪ್ಯಾನಿಕ್ ಆದಾಗ ಅಲ್ಲಿಂದ ಇನ್ನೊಂದು ಪುಟ್ಟ ಕರ್ನಲ್ ಎದ್ದು, ಸತ್ತ ಕರ್ನಲ್‌ನ ಮೆಮೊರಿಯನ್ನು ಡಿಸ್ಕ್‌ಗೆ ಬರೆಯುತ್ತೆ. ಊಪ್ಸ್ ಬಂದೂ ಯಂತ್ರ ಜೀವಂತವಾಗಿದ್ರೆ, ಮೊದಲು ಡಿಮೆಸೇಜ್ ಔಟ್‌ಪುಟ್ ಸೇವ್ ಮಾಡಿ.

ಇನ್ನು ಓದೋದು ಹೇಗೆ? ಮೂರು ಜಾಗ ನೋಡಿ.

ಮೊದಲನೆಯದು, ತಪ್ಪಾದ ವಿಳಾಸ. ಅದು 0x28 ತರಹ ಚಿಕ್ಕ ಸಂಖ್ಯೆಯಾಗಿದ್ರೆ, ಬಹುಪಾಲು ನಲ್ ಪಾಯಿಂಟರ್ ಮೂಲಕ ಸ್ಟ್ರಕ್ಚರ್‌ನ 40ನೇ ಬೈಟ್‌ನಲ್ಲಿರೋ ಮೆಂಬರ್ ಮುಟ್ಟಿದ್ದಾರೆ ಅಂತ ಅರ್ಥ. ಯಾವ ಮೆಂಬರ್ ಅಂತ ಪಹೋಲ್ ತೋರಿಸುತ್ತೆ. ರಿಜಿಸ್ಟರ್‌ನಲ್ಲಿ ಡಿ-ಇ-ಎ-ಡಿ ಅಕ್ಷರಗಳಿಂದ ಶುರುವಾಗೋ ವಿಳಾಸ ಕಂಡ್ರೆ, ಲಿಸ್ಟ್‌ನಿಂದ ತೆಗೆದುಹಾಕಿದ ನೋಡ್ ಅನ್ನು ಮತ್ತೆ ಬಳಸಿರೋ ಸಾಧ್ಯತೆ ಹೆಚ್ಚು.

ಎರಡನೆಯದು, ಆರ್‌ಐಪಿ ಸಾಲು. ಫಂಕ್ಷನ್ ಹೆಸರು, ಆಫ್‌ಸೆಟ್ ಎರಡೂ ಅಲ್ಲಿರುತ್ತೆ. ಅದೇ ಕರ್ನಲ್ ಬಿಲ್ಡ್‌ನ ಡಿಬಗ್ ಸಿಂಬಲ್‌ಗಳಿದ್ರೆ ಸೋರ್ಸ್‌ನ ಸಾಲಿನ ನಂಬರೇ ಸಿಗುತ್ತೆ.

ಮೂರನೆಯದು, ಕಾಲ್ ಟ್ರೇಸ್. ಕೆಳಗಿನಿಂದ ಮೇಲಕ್ಕೆ ಓದಿ. ಪ್ರಶ್ನೆ ಚಿಹ್ನೆ ಇರೋ ಸಾಲುಗಳನ್ನು ಪೂರ್ತಿ ನಂಬಬೇಡಿ, ಅವು ಸ್ಟ್ಯಾಕ್‌ನಲ್ಲಿ ಉಳಿದ ಹಳೇ ಕಸ ಇರಬಹುದು.

ಇಷ್ಟಾದ ಮೇಲೂ ತೀರ್ಪು ಕೊಡಬೇಡಿ. ಹೆಣ ಸಿಕ್ಕ ಜಾಗದಲ್ಲೇ ಕೊಲೆ ನಡೆದಿರಬೇಕು ಅಂತೇನಿಲ್ಲ. ಬೇರೊಂದು ಥ್ರೆಡ್ ಆ ಮೆಮೊರಿಯನ್ನು ಮೊದಲೇ ಫ್ರೀ ಮಾಡಿ ಹೋಗಿರಬಹುದು. ಟೆಸ್ಟ್ ಯಂತ್ರದಲ್ಲಿ ಕೆಸ್ಯಾನ್ ಆನ್ ಮಾಡಿದ ಕರ್ನಲ್ ಓಡಿಸಿದ್ರೆ, ಆ ಮೆಮೊರಿ ಪಡೆದವರು ಯಾರು, ಬಿಟ್ಟವರು ಯಾರು ಅಂತ ಎರಡೂ ಟ್ರೇಸ್ ಕೊಡುತ್ತೆ.

ಮುಂದಿನ ಸಲ ಲ್ಯಾಬಿಗೆ ಹೋದಾಗ ಒಂದೇ ಪ್ರಶ್ನೆ ಕೇಳಿ: "ಸರ್, ಸರ್ವರ್‌ನಲ್ಲಿ ಕೆಡಂಪ್ ಆನ್ ಇದೆಯಾ?" ಬಿದ್ದ ಮೇಲೆ ಕೇಳಿದ್ರೆ ತಡವಾಗಿರುತ್ತೆ.