ವಿನಯವೂ ಸೇವೆಯೂ

ಎರಡು ಸಾವಿರ ವರ್ಷಗಳ ಹಿಂದೆ ಪ್ಯಾಲೆಸ್ತೀನಿನ ಜನರು ಪಾದರಕ್ಷೆಗಳನ್ನು ಮೆಟ್ಟಿ ಧೂಳು ತುಂಬಿದ ಹಾದಿಗಳಲ್ಲಿ ನಡೆಯುತ್ತಿದ್ದರು. ಮನೆಗೆ ಬಂದ ಅತಿಥಿಗೆ ಕಾಲು ತೊಳೆಯಲು ನೀರು ಕೊಡುವುದು ಅಲ್ಲಿನ ಸಂಪ್ರದಾಯವಾಗಿತ್ತು. ಇನ್ನೊಬ್ಬರ ಕಾಲನ್ನು ತೊಳೆಯುವ ಕೆಲಸವಾದರೋ ಆಳುಗಳದು. ಯೇಸುಕ್ರಿಸ್ತನು ಶಿಲುಬೆಗೇರುವ ಹಿಂದಿನ ರಾತ್ರಿ ಆ ಕೆಲಸವನ್ನು ತಾನೇ ಕೈಗೊಂಡನೆಂದು ಯೋಹಾನನ ಸುವಾರ್ತೆ ತಿಳಿಸುತ್ತದೆ. ಅವನು ಊಟದಿಂದೆದ್ದು, ನಡುವಿಗೆ ವಸ್ತ್ರವನ್ನು ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ತುಂಬಿ, ಶಿಷ್ಯರ ಪಾದಗಳನ್ನು ತೊಳೆದು ಒರೆಸಿದನು. ಪೇತ್ರನೆಂಬ ಶಿಷ್ಯನು ಸಂಕೋಚದಿಂದ ತಡೆದರೂ ಬಿಡಲಿಲ್ಲ. ಗುರುವಾದ ತಾನೇ ಹೀಗೆ ಮಾಡಿದ ಮೇಲೆ ಶಿಷ್ಯರೂ ಒಬ್ಬರ ಕಾಲನ್ನೊಬ್ಬರು ತೊಳೆಯಬೇಕೆಂದು ಹೇಳಿದನು.

ಕ್ರೈಸ್ತ ಜೀವನದ ತಿರುಳು ಈ ಘಟನೆಯಲ್ಲಿ ಅಡಗಿದೆ. ವಿನಯವೆಂದರೆ ತನ್ನನ್ನು ತಾನು ಹಳಿದುಕೊಳ್ಳುವುದಲ್ಲ; ಮೃದುವಾಗಿ ಮಾತನಾಡುವುದಷ್ಟೇ ಅಲ್ಲ. ಕ್ರಿಸ್ತನು ತಾನು ಗುರುವೆಂಬುದನ್ನು ಅಲ್ಲಗಳೆಯಲಿಲ್ಲ, ಗುರುವಾಗಿದ್ದೇ ಸೇವಕನಾದನು. ಮೇಲೆ ನಿಂತು ಕೈಚಾಚಿ ಕೊಡುವುದು ದಾನ. ಕೆಳಗಿಳಿದು ಜೊತೆಯಲ್ಲಿ ನಿಲ್ಲುವುದು ಸೇವೆ. ಈಸ್ಟರ್ ಹಬ್ಬಕ್ಕೆ ಮುಂಚಿನ ಗುರುವಾರ ಅನೇಕ ಚರ್ಚುಗಳಲ್ಲಿ ಪಾದ ತೊಳೆಯುವ ವಿಧಿಯನ್ನು ಇಂದಿಗೂ ಆಚರಿಸುತ್ತಾರೆ. ಆ ವಿಧಿ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಅದರ ಅರ್ಥವನ್ನು ಬದುಕಿ ತೋರಿಸಲು ಮಾತ್ರ ಒಂದು ಜೀವಮಾನವೇ ಬೇಕು. ಹಾಗೆ ಬದುಕಿದವರಲ್ಲಿ ಫಾದರ್ ಡೇಮಿಯನ್ ಒಬ್ಬರು.

ಡೇಮಿಯನ್ ಅವರು 1840ರಲ್ಲಿ ಬೆಲ್ಜಿಯಮ್ ದೇಶದ ಟ್ರೆಮೆಲೋ ಎಂಬ ಹಳ್ಳಿಯಲ್ಲಿ ಜನಿಸಿದರು. 1864ರಲ್ಲಿ ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಿಗೆ ಬಂದು ಅಲ್ಲಿಯೇ ಪಾದ್ರಿಗಳಾದರು. ಆಗ ಹವಾಯಿಯಲ್ಲಿ ಅರಸರ ಆಳ್ವಿಕೆಯಿತ್ತು. ಅಲ್ಲಿ ಕುಷ್ಠರೋಗವು ಹರಡುತ್ತಿತ್ತು, ಅದಕ್ಕೆ ಮದ್ದಿರಲಿಲ್ಲ. ರೋಗಿಗಳನ್ನು ಬೇರೆಯಾಗಿಡಬೇಕೆಂದು 1865ರಲ್ಲಿ ಕಾನೂನಾಯಿತು. ಮರುವರ್ಷದಿಂದ ಅವರನ್ನು ಮೊಲೊಕಾಯಿ ದ್ವೀಪದ ಒಂದು ಚಾಚುನೆಲಕ್ಕೆ ಸಾಗಿಸತೊಡಗಿದರು. ಅದರ ಮೂರು ಕಡೆ ಕಡಲು, ಒಂದು ಕಡೆ ಗೋಡೆಯಂತೆ ಕಡಿದಾದ ಬೆಟ್ಟ. ತಾಯಿಯಿಂದ ಮಗು, ಗಂಡನಿಂದ ಹೆಂಡತಿ ಅಗಲಿ ಅಲ್ಲಿಗೆ ಹೋಗಬೇಕಾಯಿತು. ಹೋದವರು ಹಿಂದಿರುಗುವ ಆಸೆಯಿರಲಿಲ್ಲ.

1873ರಲ್ಲಿ, ಅಲ್ಲಿಗೆ ಹೋಗುವವರು ಯಾರೆಂಬ ಪ್ರಶ್ನೆ ಬಂದಾಗ ನಾಲ್ವರು ಪಾದ್ರಿಗಳು ಸರದಿಯಂತೆ ಹೋಗಲು ಒಪ್ಪಿದರು. ಮೊದಲ ಸರದಿ ಡೇಮಿಯನ್ ಅವರದು. ಅವರು ಅಲ್ಲಿಯೇ ಉಳಿಯಲು ಬಯಸಿದುದರಿಂದ ಉಳಿದವರ ಸರದಿ ಬರಲೇ ಇಲ್ಲ.

ರೋಗವನ್ನು ಗುಣಪಡಿಸುವ ಶಕ್ತಿ ಅವರಲ್ಲಿರಲಿಲ್ಲ. ಆದರೆ ರೋಗಿಗಳನ್ನು ರೋಗಕ್ಕಿಂತ ಹೆಚ್ಚಾಗಿ ಬಾಧಿಸುತ್ತಿದ್ದುದು ಮನುಷ್ಯರ ದೂರವಾಗಿತ್ತು. ಡೇಮಿಯನ್ ಅವರು ಆ ದೂರವನ್ನು ಅಳಿಸಿದರು. ಹುಣ್ಣುಗಳನ್ನು ತೊಳೆದು ಪಟ್ಟಿ ಕಟ್ಟಿದರು. ರೋಗಿಗಳೊಡನೆ ಒಂದೇ ಪಾತ್ರೆಯಲ್ಲಿ ಕೈಯಿಟ್ಟು ಉಂಡರು. ಸುತ್ತಿಗೆ ಹಿಡಿದು ಅವರ ಜೊತೆಯಲ್ಲೇ ಮನೆಗಳನ್ನು ಕಟ್ಟಿದರು. ಕೊಳಾಯಿಗಳ ಮೂಲಕ ನೀರು ತರಿಸಿದರು. ಸತ್ತವರಿಗೆ ಶವಪೆಟ್ಟಿಗೆ ಮಾಡಿದರು, ಗುಂಡಿ ತೋಡಿದರು. ಉಪದೇಶ ಮಾಡುವಾಗ ಅವರು ರೋಗಿಗಳನ್ನು ಬೇರೆಯವರೆಂದು ಎಣಿಸದೆ, ತಮ್ಮನ್ನೂ ಸೇರಿಸಿ ‘ನಾವು’ ಎನ್ನುತ್ತಿದ್ದರು. 1881ರಲ್ಲಿ ಅರಸೊತ್ತಿಗೆಯು ಅವರಿಗೆ ಬಿರುದು ನೀಡಿ ಗೌರವಿಸಿತು. ಆ ಗೌರವವೂ ಅವರ ಕೈಯಿಂದ ಸುತ್ತಿಗೆಯನ್ನು ಬಿಡಿಸಲಿಲ್ಲ.

1884ರ ಕೊನೆಯಲ್ಲಿ ಅವರಿಗೂ ಅದೇ ರೋಗ ತಗಲಿರುವುದು ತಿಳಿಯಿತು. ಅವರು ಕೆಲಸವನ್ನು ನಿಲ್ಲಿಸಲಿಲ್ಲ. 1888ರಲ್ಲಿ ಸಿಸ್ಟರ್ ಮೇರಿಯಾನ್ ಕೋಪ್ ಮತ್ತು ಅವರ ಸಂಗಡಿಗರು ಮೊಲೊಕಾಯಿಗೆ ಬಂದು ಸೇವೆಗೆ ಕೈಗೂಡಿಸಿದರು. 1889ರ ಏಪ್ರಿಲ್ 15ರಂದು, ತಮ್ಮ 49ನೆಯ ವಯಸ್ಸಿನಲ್ಲಿ ಡೇಮಿಯನ್ ತೀರಿಕೊಂಡರು.

ಮುಂದೆ 1940ರ ದಶಕದಲ್ಲಿ ಕುಷ್ಠರೋಗಕ್ಕೆ ಫಲಕಾರಿಯಾದ ಔಷಧಿ ಬಳಕೆಗೆ ಬಂದಿತು. 1969ರಲ್ಲಿ ಹವಾಯಿಯ ಪ್ರತ್ಯೇಕತೆಯ ಕಾನೂನು ಕೊನೆಗೊಂಡಿತು. 2009ರಲ್ಲಿ ಕ್ಯಾಥೊಲಿಕ್ ಚರ್ಚು ಡೇಮಿಯನ್ ಅವರನ್ನು ಸಂತರೆಂದು ಸಾರಿತು. ಇಂದು ಈ ರೋಗವನ್ನು ಪೂರ್ಣವಾಗಿ ಗುಣಪಡಿಸಬಹುದು. ಆದರೆ ರೋಗಿಯನ್ನು ಕಂಡು ಹಿಂಜರಿಯುವ ಮನಸ್ಸಿಗೆ ಯಾವ ಗುಳಿಗೆಯೂ ಇಲ್ಲ. ಆ ಮನಸ್ಸನ್ನು ವಿನಯವೊಂದೇ ಗುಣಪಡಿಸಬಲ್ಲದು. ಎಲ್ಲರೂ ಮೊಲೊಕಾಯಿಗೆ ಹೋಗಬೇಕಾಗಿಲ್ಲ. ಯಾರೂ ಬಳಿಗೆ ಕರೆಯದವನ ಪಕ್ಕದಲ್ಲಿ ಹೋಗಿ ಕುಳಿತು, ಅವನನ್ನೂ ಸೇರಿಸಿ ‘ನಾವು’ ಎನ್ನಬಲ್ಲವನು ಆ ಹಾದಿಯಲ್ಲಿ ಮೊದಲ ಹೆಜ್ಜೆಯನ್ನು ಇಟ್ಟಂತೆಯೇ ಸರಿ.